ಕಿವಿ ಮೇಸ್ತ್ರಿ ಮತ್ತು ಏರಿನಲ್ಲಿ ನಿಲ್ಲುವ ಗಾಡಿ

ನಮ್ಮ ಭಾವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಆದರೆ ಗುರುತಿನ ಚೀಟಿಗೆ ಬಿಟ್ಟರೆ ಅದು ಇನ್ಯಾರಿಗೂ ಬೇಕಾಗಿಲ್ಲ. ಊರಿಗೆಲ್ಲ ಅವರು ಕಿವಿ ಮೇಸ್ತ್ರಿ. ಮೋಟಾರ್ ಸೈಕಲ್ ರಿಪೇರಿ ಅವರ ಕಸುಬು. ಗಾಡಿ ತಂದವರು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ಸುಮ್ಮನಿರಿಸುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಎದ್ದ ಮೇಲೆ ರೋಗದ ಹೆಸರು ಹೇಳುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ತಪ್ಪಿದ್ದರೂ ನಮ್ಮಕ್ಕ ನನಗೆ ಹೇಳುವವಳಲ್ಲ, ಗಂಡನ ವಿಷಯದಲ್ಲಿ ಅವಳ ಬಾಯಿಗೆ ಬೀಗ.

ಎದುರಿಗೆ ಮಾತ್ರ ಆ ಬೀಗ ಇಲ್ಲ. ಅಂಗಡಿಯ ಹಿಂದೆಯೇ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮೆಷಿನ್ನು. ಇವಳು ಅಲ್ಲಿಂದ ಬೈಯುವುದು, ಅವರು ಇಲ್ಲಿಂದ 'ಹೂಂ' ಅನ್ನುವುದು, ಹೀಗೇ ಸಂಸಾರ ಸಾಗಿ ಮಕ್ಕಳೂ ತಮ್ಮ ತಮ್ಮ ಗೂಡು ಸೇರಿದ್ದಾರೆ. ಭಾವನ ಸ್ವಂತ ಗಾಡಿ ಮದುವೆಗೆ ಮೊದಲೇ ಮನೆಗೆ ಬಂದದ್ದು. ಹಾಗಾಗಿ ಅಕ್ಕ ಅದನ್ನು ಕರೆಯುವುದೇ 'ನನ್ನ ಸವತಿ' ಅಂತ. ಕಪ್ಪು ಬಣ್ಣ, ದುಂಡು ಹೊಟ್ಟೆಯ ಟ್ಯಾಂಕು, ಒಂದೇ ಒದೆತಕ್ಕೆ ಗುಡುಗುವ ಗಂಟಲು. ವಾರದ ರಜೆಯ ದಿನ ಇಬ್ಬರೂ ಆ ಸವತಿಯ ಮೇಲೇರಿ, ಊರಾಚೆ ಇರುವ ನನ್ನ ಮನೆಗೆ ಮಧ್ಯಾಹ್ನದ ಊಟಕ್ಕೆ ಬರುತ್ತಾರೆ. ನಾನು ಬೇಕರಿಯಲ್ಲಿ ದುಡಿಯುವವಳು, ಒಂಟಿ ಹೆಂಗಸು, ವಾರವಿಡೀ ಬೇರೆಯವರ ಹೊಟ್ಟೆಗೆ ಬೇಯಿಸುತ್ತೇನೆ. ಆ ಒಂದು ದಿನ ಮಾತ್ರ ನನ್ನವರಿಗೆ. ಊಟ ಆರಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಈಚೆಗೆ ಊಟ ಆರತೊಡಗಿತು. ನನ್ನ ಮನೆಗೆ ಬರುವ ದಾರಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಏರಿದೆ. ಅಲ್ಲಿಯವರೆಗೆ ಚೆನ್ನಾಗಿ ಬಂದ ಗಾಡಿ, ಏರಿನ ನಡುವೆ ಎರಡು ಸಲ ಬಿಕ್ಕಿ ಆರಿಹೋಯಿತಂತೆ. ಭಾವ ಇಳಿದು ಪ್ಲಗ್ ಬಿಚ್ಚಿದರು. ಕಿಡಿ ನೀಲಿಯಾಗಿ ಹಾರುತ್ತಿತ್ತು, ಆದರೆ ಪ್ಲಗ್ಗಿನ ಮೂತಿ ಒಣಗಿತ್ತು. ಅಂದರೆ ಬೆಂಕಿ ಇದೆ, ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. ಕುತ್ತಿಗೆಯವರೆಗೂ ಪೆಟ್ರೋಲ್ ಇತ್ತು. ಮುಚ್ಚಳ ಹಾಕಿ ಒದ್ದರೆ, ಏನೂ ಆಗಿಯೇ ಇಲ್ಲವೆಂಬಂತೆ ಗಾಡಿ ಗುಡುಗಿತು. ಮುಂದಿನ ವಾರ ಅದೇ ಏರು, ಅದೇ ಬಿಕ್ಕಳಿಕೆ.

ಭಾವ ಹಟಕ್ಕೆ ಬಿದ್ದರು. ಕಾರ್ಬುರೇಟರ್ ಬಿಚ್ಚಿ, ಅದರೊಳಗಿನ ಸೂಜಿಗಣ್ಣಿನಂಥ ತೂತುಗಳನ್ನೆಲ್ಲ ಊದಿ ಶುದ್ಧ ಮಾಡಿದರು. ಪೆಟ್ರೋಲ್ ಪೈಪು ಹೊಸದಾಯಿತು, ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ಕಾಕ್ ಹೊಸದಾಯಿತು. ಟ್ಯಾಂಕನ್ನೇ ಕಳಚಿ, ಒಳಗೆ ಹಳೇ ಚೈನಿನ ತುಂಡು ಹಾಕಿ ಕುಲುಕಿ ತುಕ್ಕು ತೆಗೆದರು. ಅಂಗಡಿಯಲ್ಲಿ ಟ್ಯಾಂಕಿನ ಬದಲು ಪೆಟ್ರೋಲ್ ಬಾಟಲಿ ನೇತುಹಾಕಿ ಇಂಜಿನ್ ಓಡಿಸಿದರೆ ಬಿಕ್ಕುವ ಮಾತೇ ಇಲ್ಲ. ಟ್ಯಾಂಕು ಕೂರಿಸಿ ಬೀದಿಯ ಕೊನೆಯವರೆಗೆ ಹೋಗಿಬಂದರೂ ಇಲ್ಲ. ಏರಿಗೆ ಬಂದರೆ ಮಾತ್ರ ಸವತಿಯ ಬಣ್ಣ ಬಯಲಾಗುತ್ತಿತ್ತು. ಕೊನೆಗೆ ನಾನೇ ಬುದ್ಧಿ ಕಲಿತೆ. ಊಟವನ್ನು ಕ್ಯಾರಿಯರಿಗೆ ತುಂಬಿಕೊಂಡು ಏರಿನ ಮೋಟುಗೋಡೆಯ ಮೇಲೆ ಹೋಗಿ ಕಾಯುತ್ತಿದ್ದೆ. ಬಿಸಿಯಾಗಿಯಾದರೂ ತಿನ್ನಲಿ ಅಂತ.

ಇದು ನಗುವ ಮಾತಾಗಿ ಉಳಿಯಲಿಲ್ಲ. ಒಂದು ಸಂಜೆ ಅಂಗಡಿಗೆ ಹೋದಾಗ ಭಾವ ಯಾರದೋ ಗಾಡಿಯ ಮುಂದೆ ಕೂತಿದ್ದರು. ಸ್ಕ್ರೂಡ್ರೈವರ್ ಇಂಜಿನ್ನಿನ ಮೇಲಿತ್ತು, ಆದರೆ ಹಿಡಿ ಕಿವಿಯಲ್ಲಿರಲಿಲ್ಲ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಗಾಡಿಯ ಯಜಮಾನ ನಗು ತಡೆಯಲಾರದೆ ಬೀದಿಯ ಕಡೆ ತಿರುಗಿಕೊಂಡಿದ್ದ. ಇದೇನು ಭಾವ, ಹಸಿವೆಯಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಬೆನ್ನ ಹಿಂದಿನಿಂದ ಕೇಳಿದ್ದೆ. ಎದುರಿಗೆ ಹೋಗಿ ನಿಂತಾಗ, ಹಲ್ಲಿಗೆ ಚೆನ್ನಾಗಿ ಗೊತ್ತಾಗುತ್ತದೆ, ಇದು ಹೊಸ ಪದ್ಧತಿ ಎಂದು ಹೇಳಿ ಕಣ್ಣು ತಪ್ಪಿಸಿದರು.

ಕಿವಿ ಮೇಸ್ತ್ರಿಯ ಕಿವಿ ಮಂದವಾಗಿತ್ತು. ಅದು ನನಗೆ ಅವತ್ತೇ ಖಾತ್ರಿಯಾಯಿತು. ಅಕ್ಕನಿಗೆ ಮೊದಲೇ ಗೊತ್ತಿತ್ತು, ಅವಳು ಬೈಯುವ ದನಿ ಏರಿದ್ದರಲ್ಲೇ ನನಗೆ ತಿಳಿಯಬೇಕಿತ್ತು. ಭಾವ ಹೇಳಲಿಲ್ಲ, ನಾವು ಕೇಳಲಿಲ್ಲ. ಮೂವರೂ ಬಾಯಲ್ಲಿ ಕಡುಬು ತುರುಕಿಕೊಂಡವರ ಹಾಗೆ ಇದ್ದೆವು.

ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಅದರ ಯಜಮಾನ ಒಳ್ಳೆಯ ಮನುಷ್ಯ. ಜಾಗ ಸಾಲದೆ ಟೈರುಗಳನ್ನು ಬೀದಿಯಲ್ಲಿ ಪೇರಿಸುತ್ತಿದ್ದ. ಮೇಸ್ತ್ರಿಗಳು ಎಂದಾದರೂ ಅಂಗಡಿ ಬಿಡುವುದಾದರೆ ನನಗೇ ಬಿಡಿ ಎಂದು ಯಾವಾಗಲೋ ಕೇಳಿದ್ದನಂತೆ. ಭಾವ ಅವನನ್ನು ತಾವಾಗಿಯೇ ಕರೆದು, ಈ ರಜೆ ಕಳೆದ ಮೇಲೆ ಬಂದು ಕೀಲಿ ತೆಗೆದುಕೊ ಎಂದುಬಿಟ್ಟರು. ಅಕ್ಕ ಹೊಲಿಗೆ ಬಿಟ್ಟು ಓಡಿಬಂದಳು. ಭಾವ ಅವಳಿಗೆ ಹೇಳಿದ್ದು ಇಷ್ಟೇ.

"ಮನೆ ಗಾಡಿ ಸರಿಮಾಡಕ್ಕಾಗದೋನು ಊರ ಗಾಡಿ ಮುಟ್ಟಬಾರದು ಕಣೇ. ಈ ರಜೆ ಒಂದು ನೋಡ್ತೀನಿ. ಏರು ಹತ್ತಿದ್ರೆ ಸರಿ, ಇಲ್ದಿದ್ರೆ ಅಂಗಡಿ ಅವನಿಗೆ."

ಆ ವಾರ ಅಕ್ಕ ಬೈಯಲೇ ಇಲ್ಲ. ನನಗೆ ಭಯವಾದದ್ದು ಅದಕ್ಕೇ. ಅಂಗಡಿಯಿಲ್ಲದ ಭಾವನನ್ನು ನನಗೆ ಊಹಿಸಲೂ ಆಗುತ್ತಿರಲಿಲ್ಲ. ಮದುವೆಮನೆಯಲ್ಲೂ ಊಟಕ್ಕೆ ಕೂರುವ ಬದಲು ಹೊರಗೆ ನಿಂತ ಗಾಡಿಗಳನ್ನು ನೋಡುತ್ತ ಅಡ್ಡಾಡುವ ಮನುಷ್ಯ ಅವರು.

ರಜೆಯ ದಿನ ಬಂತು. ನಾನು ಕ್ಯಾರಿಯರ್ ಹಿಡಿದು ಮೋಟುಗೋಡೆಯ ಮೇಲೆ ಕೂತಿದ್ದೆ. ದೂರದಿಂದ ಗುಡುಗು ಕೇಳಿಸಿತು. ಹತ್ತಲಿ, ಹತ್ತಲಿ ಎಂದು ಮುಷ್ಟಿ ಬಿಗಿಹಿಡಿದೆ. ಏರಿನ ನಡುವೆ ಗಾಡಿ ಬಿಕ್ಕಿತು, ಮತ್ತೆ ಬಿಕ್ಕಿತು, ನನ್ನ ಕಾಲ ಬುಡಕ್ಕೇ ಬಂದು ಆರಿತು. ಭಾವ ಕೆಳಗಿಳಿದು ಪ್ಲಗ್ ಬಿಚ್ಚಲು ಕೂತರು. ಅಭ್ಯಾಸಬಲ, ಅಷ್ಟೇ. ಅವರ ಮುಖ ಬಾಡಿತ್ತು.

ಭಾವನ ಗಾಡಿಯನ್ನು ಬೇರೆಯವರು ಮುಟ್ಟುವಂತಿಲ್ಲ, ಅಕ್ಕ ಕೂಡ. ಟ್ಯಾಂಕಿನ ಮುಚ್ಚಳ ತೆಗೆಯುವುದೂ ಅವರೇ. ಅವತ್ತು ಅಕ್ಕನಿಗೆ ಅದೆಲ್ಲಿಂದ ಧೈರ್ಯ ಬಂತೋ, ಇನ್ನು ಹೋಗುವುದೇನಿದೆ ಎಂಬಂತೆ ತಾನೇ ಮುಚ್ಚಳ ತಿರುವಿದಳು. ತಿರುವಿದವಳು ಗಕ್ಕನೆ ನಿಂತಳು.

"ರೀ, ಇದ್ಯಾಕೆ ಹೀಗೆ ಉಸಿರೆಳ್ಕೊಳ್ತು?"

ಭಾವ ತಲೆ ಎತ್ತಲಿಲ್ಲ. ಅಕ್ಕ ಅವರ ಭುಜ ಹಿಡಿದು ಅಲುಗಾಡಿಸಿ, ಮುಖಕ್ಕೆ ಮುಖ ಕೊಟ್ಟು ಮತ್ತೆ ಹೇಳಿದಳು. ಮುಚ್ಚಳ ಸಡಿಲವಾದ ಕೂಡಲೇ 'ಸ್ಸ್' ಅಂತು, ಒಳಗಿನಿಂದ ಯಾರೋ ಗಾಳಿ ಎಳೆದುಕೊಂಡ ಹಾಗೆ. ಭಾವನ ಕೈಯಲ್ಲಿದ್ದ ಪ್ಲಗ್ ಹಾಗೇ ನಿಂತಿತು. ಆಮೇಲೆ ನಿಧಾನವಾಗಿ ಎದ್ದು ಮುಚ್ಚಳ ಇಸಿದುಕೊಂಡು ಅದರ ಹೊಟ್ಟೆ ತಿರುಗಿಸಿ ನೋಡಿದರು. ಒಳಗೆ ಅಚ್ಚುಕಟ್ಟಾಗಿ ಕೂತಿತ್ತು ಒಂದು ನೀಲಿ ರಬ್ಬರಿನ ಬಿಲ್ಲೆ. ಅಕ್ಕ ಅದನ್ನು ಕಂಡದ್ದೇ ತಡ, ಅದು ತನ್ನ ಹಳೇ ಚಪ್ಪಲಿ ಎಂದಳು.

ಅದರ ಕಥೆ ನನಗೆ ಗೊತ್ತಿತ್ತು. ಗಾಡಿ ಬಿಕ್ಕತೊಡಗುವ ಸ್ವಲ್ಪ ಮೊದಲು ಅಕ್ಕ ಭಾವನಿಗೆಂದು ಒಂದು ಬಿಳಿ ಅಂಗಿ ಹೊಲಿದಿದ್ದಳು, ಒಳ್ಳೆಯ ಬಟ್ಟೆಯದು. ಅದನ್ನು ಹಾಕಿಕೊಂಡು ಹೊರಟ ಮೊದಲ ದಿನವೇ, ತುಂಬಿದ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಚೆಲ್ಲಿ ಅಂಗಿ ಹಾಳಾಯಿತು. ಅಕ್ಕ ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದಳು. ಅವಳನ್ನು ಸಮಾಧಾನ ಮಾಡಲು ಭಾವ ಅವಳದೇ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಮುಚ್ಚಳಕ್ಕೆ ಬಿಗಿಯಾಗಿ ಕೂರುವ ಬಿಲ್ಲೆ ಮಾಡಿದ್ದರು. ಒಂದು ಹನಿಯೂ ಆಚೆ ಬರದ ಹಾಗೆ. ಒಂದು ಚೂರು ಗಾಳಿಯೂ ಒಳಗೆ ಹೋಗದ ಹಾಗೆ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಗಾಳಿಗೆಂದು ಎದುರು ಅಂಚಿನಲ್ಲಿ ಇನ್ನೊಂದು ತೂತು ಬೇಕು. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಪೆಟ್ರೋಲ್ ಟ್ಯಾಂಕಿಗೂ ಹಾಗೇ, ಮುಚ್ಚಳದಲ್ಲಿ ಒಂದು ಸಣ್ಣ ಗಾಳಿತೂತು ಇರುತ್ತದೆ. ಭಾವನ ಬಿಲ್ಲೆ ಅದನ್ನು ಮುಚ್ಚಿತ್ತು. ಏರಿನವರೆಗೆ ಬರುವಷ್ಟರಲ್ಲಿ ಟ್ಯಾಂಕಿಗೆ ಉಸಿರುಗಟ್ಟಿ ಪೆಟ್ರೋಲ್ ಇಳಿಯುತ್ತಿರಲಿಲ್ಲ. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ಇಣುಕಿದಾಗಲೆಲ್ಲ, ರೋಗ ನೋಡಲು ಹೋಗಿ ಅವರೇ ಮದ್ದು ಕೊಟ್ಟುಬಿಡುತ್ತಿದ್ದರು. ಅಂಗಡಿಯ ಬಾಟಲಿಗೋ ಮುಚ್ಚಳವೇ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಬೇರೆಯವರ ಗಾಡಿಯಲ್ಲಿ ಇಂಥದ್ದನ್ನು ಭಾವ ಎಷ್ಟೋ ಸಲ ಹಿಡಿದಿದ್ದಾರೆ, ಮುಚ್ಚಳ ತೆಗೆದ ಕ್ಷಣ ಆ 'ಸ್ಸ್' ಅವರಿಗೆ ಹೇಳಿಬಿಡುತ್ತಿತ್ತು. ಈ ಸಲ ಪ್ರತಿ ವಾರವೂ ಅದು ಹೇಳಿತ್ತು. ಅವರಿಗೆ ಕೇಳಿಸಿರಲಿಲ್ಲ.

ಭಾವ ಮೋಟುಗೋಡೆಯ ಮೇಲೆ ಕೂತರು.

"ನನ್ನ ಕಿವಿ ಹೋಗಿದೆ ಕಣೇ."

"ಗೊತ್ತು," ಅಂದಳು ಅಕ್ಕ. "ನನ್ನದಿದೆಯಲ್ಲ."

ಆಮೇಲೆ, ಕಿವಿ ಚೆನ್ನಾಗಿದ್ದಾಗ ನನ್ನ ಮಾತನ್ನು ಭಾರಿ ಕಿವಿ ಮೇಲೆ ಹಾಕಿಕೊಂಡವರ ಹಾಗೆ ಮಾತಾಡಬೇಡಿ ಎಂದು ಸೇರಿಸಿದಳು. ಒಂದು ವಾರದ ಬೈಗುಳ ಬಾಕಿಯಿತ್ತು, ಅಲ್ಲೇ ತೀರಿಸಿದಳು. ಭಾವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಮೊದಲು ತುಟಿ ಅದುರಿತು, ಆಮೇಲೆ ನಗತೊಡಗಿದರು. ನಮಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೆ ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದ ಮಾತ್ರವಲ್ಲ.

ಆದರೂ ಮೇಸ್ತ್ರಿ ಮೇಸ್ತ್ರಿಯೇ. ಪರೀಕ್ಷೆ ಮಾಡದೆ ನಂಬುವವರಲ್ಲ. ಬಿಲ್ಲೆಯ ಸಮೇತ ಮುಚ್ಚಳ ಬಿಗಿದು ಗಾಡಿ ಶುರುಮಾಡಿ ನಿಂತಲ್ಲೇ ಓಡಲು ಬಿಟ್ಟರು. ಅದು ಆರುವವರೆಗೆ ಕಾಯಬೇಕು. ನಾವು ಮೂವರೂ ಕ್ಯಾರಿಯರ್ ಬಿಚ್ಚಿ, ಗೋಡೆಯ ಮೇಲೆ ಸಾಲಾಗಿ ಕೂತು ಊಟ ಮಾಡುತ್ತ ಕಾದೆವು. ಗಾಡಿ ನಿಲ್ಲಲಿ ಎಂದು ಅಷ್ಟು ಆಸೆಪಟ್ಟವರು ಆ ರಸ್ತೆಯಲ್ಲಿ ಇನ್ನಾರೂ ಇರಲಿಕ್ಕಿಲ್ಲ. ಅಂತೂ ಅದು ಬಿಕ್ಕಿ ಆರಿತು. ಭಾವ ಎಂಜಲು ಕೈ ತೊಳೆದು, ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಂಕಿಗೆ ಊರಿ ಹಿಡಿಯನ್ನು ಕಚ್ಚಿಕೊಂಡು, ತೆಗೆ ಎಂದು ಅಕ್ಕನಿಗೆ ಕಣ್ಣಲ್ಲೇ ಹೇಳಿದರು. ಅಕ್ಕ ಮುಚ್ಚಳವನ್ನು ಮೆಲ್ಲಗೆ ತಿರುವಿದಳು. ನಮಗೆ 'ಸ್ಸ್' ಕೇಳಿಸಿತು. ಭಾವನ ಕಣ್ಣು ಅರಳಿತು. ಹಲ್ಲಿಗೆ ಅದು ಮುಟ್ಟಿತ್ತು.

ಅಕ್ಕ ಕೈಚೀಲದಿಂದ ಸಣ್ಣ ಕತ್ತರಿ ತೆಗೆದು ಬಿಲ್ಲೆಯ ನಡುವೆ ತೂತು ಮಾಡಿದಳು. ಬಿಸಾಡಿಬಿಡಿ ಎಂದು ನಾನಂದರೆ ಇಬ್ಬರೂ ಒಪ್ಪಲಿಲ್ಲ.

ಮರುದಿನ ಪಂಕ್ಚರ್ ಅಂಗಡಿಯವನು ಕೀಲಿಗೆಂದು ಬಂದ. ಬಾಗಿಲಲ್ಲೇ ಅಕ್ಕ ಮತ್ತು ಭಾವ ಹೊಲಿಗೆ ಮೆಷಿನ್ನನ್ನು ಮನೆಯಿಂದ ಅಂಗಡಿಯೊಳಗೆ ಸಾಗಿಸುತ್ತಿದ್ದರು. ಅವನೇ ಒಂದು ಕಡೆ ಕೈ ಕೊಟ್ಟ. ಟೈರುಗಳನ್ನು ಪೇರಿಸಿಕೊಳ್ಳಲು ಅಂಗಡಿಯ ಒಂದು ಪಕ್ಕ ಅವನಿಗೆ ಬಿಟ್ಟಿದ್ದಾರೆ, ಅವನಿಗೂ ಖುಷಿ. ಅಕ್ಕ ಅಲ್ಲೇ ಕೂತು ಬಟ್ಟೆಯ ಜೊತೆಗೆ ಗಾಡಿಯ ಸೀಟಿಗೂ ಕವರು ಹೊಲಿಯುತ್ತಾಳೆ. ಗಾಡಿ ಬಂದರೆ ಮೆಷಿನ್ ತುಳಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡು, ಭಾವನ ಎದುರು ನಿಂತು ವರದಿ ಕೊಡುತ್ತಾಳೆ. ಇದು ಹಾಲು ಉಕ್ಕುವ ಮೊದಲು ಮಾಡುವ ಸದ್ದು, ಇದು ಡಬ್ಬದಲ್ಲಿ ಉಳಿದ ಒಂದೇ ಕಡಲೆಕಾಳು, ಇದು ನಿಮ್ಮಮ್ಮ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಹಾಗೆ. ಭಾವನಿಗೆ ಅಷ್ಟು ಸಾಕು. ಸ್ಕ್ರೂಡ್ರೈವರ್ ಕಚ್ಚಿ ಖಚಿತ ಮಾಡಿಕೊಂಡು ಕೈ ಹಾಕುತ್ತಾರೆ. ಡಾಕ್ಟರು ಕೊಟ್ಟ ಕಿವಿಯ ಯಂತ್ರವೂ ಬಂದಿದೆ. ಅಂಗಡಿಯ ಗದ್ದಲದಲ್ಲಿ ತಲೆ ಸಿಡಿಯುತ್ತದೆಂದು ಅದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಅಕ್ಕ ಬೈಯುವಾಗಲೂ ಅದು ಜೇಬಿನಲ್ಲೇ ಇರುತ್ತದೆ.

ಬಿಲ್ಲೆಗೆ ತೂತು ಬಿದ್ದ ಮೇಲಿನ ಮೊದಲ ರಜೆಯ ದಿನ ನಾನು ಯಾವ ಯೋಚನೆಯೂ ಇಲ್ಲದೆ ಕ್ಯಾರಿಯರ್ ತುಂಬಿಕೊಂಡು ಏರಿಗೆ ಹೋಗಿ ಕೂತಿದ್ದೆ. ಅಭ್ಯಾಸ ನೋಡಿ. ಗುಡುಗು ಕೇಳಿಸಿತು. ಗಾಡಿ ಏರಿನ ಬುಡಕ್ಕೆ ಬಂತು, ನಡುವಿಗೆ ಬಂತು, ಬಿಕ್ಕಲಿಲ್ಲ. ಭಾವ ಹೊಸ ಬಿಳಿ ಅಂಗಿ ತೊಟ್ಟಿದ್ದರು, ಅಕ್ಕ ಅವರ ಹೆಗಲು ಹಿಡಿದುಕೊಂಡಿದ್ದಳು. ನಾನು ಎದ್ದು ನಿಂತು, ಊಟ ಇಲ್ಲಿದೆ, ನಿಲ್ಲಿಸಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಗಾಡಿ ನನ್ನ ಮುಂದಿನಿಂದಲೇ ಹಾದು ಏರು ಹತ್ತಿ ಮರೆಯಾಯಿತು. ಭಾವನಿಗೆ ನಾನು ಕೂಗಿದ್ದು ಕೇಳಿಸಲಿಲ್ಲ. ಅಕ್ಕನಿಗೆ ಕೇಳಿಸಿತ್ತು, ತಿರುಗಿ ನನ್ನನ್ನು ನೋಡಿದಳು ಕೂಡ. ಆದರೆ ನಿಲ್ಲಿಸಿ ಅಂತ ಅವಳು ಹೇಳಲಿಲ್ಲ.