ಗಂಜಿ ಅಣ್ಣನಿಗೊಂದು ಕುರ್ಚಿ

ಗಂಜಿ ಅಣ್ಣ ಬೆನ್ನು ಒರಗಿಸಿ ಕೂತದ್ದನ್ನು ಲಾಂಡ್ರಿಯಲ್ಲಿ ಯಾರೂ ನೋಡಿರಲಿಲ್ಲ. ಹೋಟೆಲುಗಳ ಮೇಜುಬಟ್ಟೆಗೆ, ವೇಟರುಗಳ ಅಂಗಿಗೆ ಗಂಜಿ ಹಾಕುವುದು ಅವನ ಕೆಲಸ. ತೊಟ್ಟಿಯ ಗಂಜಿ ಒಂದಷ್ಟು ಅವನ ಬೆನ್ನುಮೂಳೆಗೂ ಇಳಿದಿದೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ನಡೆದರೆ ನೆಟ್ಟಗೆ, ನಿಂತರೆ ಕಂಬ. ನಕ್ಕರೂ ತುಟಿಯ ತುದಿಗಳು ಮಾತ್ರ ಅಲುಗಬೇಕು. ಅವನ ಕಾಲರನ್ನು ಬೆರಳಿನಿಂದ ತಟ್ಟಿದರೆ ಟಕ್ ಎಂದು ಸದ್ದಾಗುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಹೆದರಿ 'ಸಾರ್' ಎನ್ನುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಅವರಿಗೂ 'ಗಂಜಿ ಅಣ್ಣ'ನೇ. ಎರಡರಲ್ಲಿ ಯಾವುದು ಅವನಿಗೆ ಇಷ್ಟವೋ ತಿಳಿಯುತ್ತಿರಲಿಲ್ಲ, ಮುಖಕ್ಕೂ ಗಂಜಿಯೇ.

ಈಗ ಅವನಿಲ್ಲ. ಇದ್ದಿದ್ದರೆ ಇಷ್ಟು ಓದುವಷ್ಟರಲ್ಲಿ "ಇಲ್ಲೊಂದು ಸುಕ್ಕಿದೆ ನೋಡು" ಎಂದು ಯಾವುದಾದರೂ ಸಾಲಿನ ಮೇಲೆ ಬೆರಳಿಡುತ್ತಿದ್ದ.

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ. ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ಸದಾ ಒಗೆದ ಅಂಗಿಗಳು ಕೂತಿರುತ್ತಿದ್ದರಿಂದ ಅವನಿಗೆ ಕೂರಲು ಜಾಗ ಇರುತ್ತಿರಲಿಲ್ಲ. ಸಂಜೆ ಮೂಲೆ ಅಂಗಡಿಯಿಂದ ಊಟದ ಪೊಟ್ಟಣ ತಂದು, ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿ, ಕೆಳಗೆ ಬಸ್ಸುಗಳು ತಿರುಗುವುದನ್ನು ನೋಡುತ್ತ ನಿಂತೇ ತಿನ್ನುತ್ತಿದ್ದ. ನಾಲ್ಕು ಜನರ ನಡುವೆ, ಮೇಜಿಗೆ ಕೂತು ತಿನ್ನುವುದು ವರ್ಷಕ್ಕೊಮ್ಮೆ ಮಾತ್ರ. ವರ್ಷದ ಕೊನೆಯ ರಜೆಗೆ ಬಾಗಿಲು ಹಾಕುವ ದಿನ ಲಾಂಡ್ರಿಯವರೆಲ್ಲ ಒಂದು ಕೂಟ ಸೇರುತ್ತಿದ್ದರು. ಅದರ ಏರ್ಪಾಡನ್ನು ಅವನು ಯಾರ ಕೈಗೂ ಬಿಟ್ಟುಕೊಟ್ಟವನಲ್ಲ.

ಅವನ ಕೊನೆಯ ಕೂಟಕ್ಕೆ ಹಿಂದಿನ ವರ್ಷದ್ದು ಮಾತ್ರ ಹದಗೆಟ್ಟಿತ್ತು. ಇಸ್ತ್ರಿ ವಿಭಾಗದ ಹಿರಿಯಳು, ಎಲ್ಲರ ಬಾಯಲ್ಲೂ 'ಚಿಕ್ಕಮ್ಮ', ಬೆಳಗಿನಿಂದ ನಿಂತು ಇಸ್ತ್ರಿ ಮಾಡಿದ್ದ ಮೇಜುಬಟ್ಟೆಯ ಅಂಚಿಗೆ ವ್ಯಾನ್ ಓಡಿಸುವ ಭಾವ ಕೈ ಒರೆಸಿದ. ಭಾವ ಎಂದರೆ ಯಾರ ಅಕ್ಕನ ಗಂಡನೂ ಅಲ್ಲ, ಸುಮ್ಮನೆ ಊರಿಗೆಲ್ಲ ಭಾವ. ಅವಳು ಮಡಿಸಿ ಕೊಟ್ಟ ಗಂಟುಗಳನ್ನು ಅವನು ವ್ಯಾನಿನೊಳಕ್ಕೆ ಮೂಟೆ ಎಸೆದ ಹಾಗೆ ಎಸೆಯುತ್ತಾನೆಂಬ ಹಳೆಯ ಸಿಟ್ಟು ಬೇರೆ ಇತ್ತು. ಮಾತಿಗೆ ಮಾತು ಬೆಳೆಯಿತು, ಕೇಕಿನ ತಟ್ಟೆ ಸಣ್ಣ ಮೇಡಂ ಮಡಿಲಿಗೆ ಬಿತ್ತು. ಅಂದಿನಿಂದ ಚಿಕ್ಕಮ್ಮ ಅವನನ್ನು 'ಆ ವ್ಯಾನು' ಎಂದಳೇ ಹೊರತು ಅವನ ಜೊತೆ ಒಂದು ಮಾತೂ ಆಡಲಿಲ್ಲ.

ಸಣ್ಣ ಮೇಡಂ ಎಂದರೆ ಯಜಮಾನರ ಮಗಳು. ಲಾಂಡ್ರಿ ಈಗ ಅವಳ ಕೈಯಲ್ಲಿತ್ತು. ಗಂಜಿ ಅಣ್ಣನನ್ನು ಕರೆದು ಹೇಳಿದಳು: "ಈ ವರ್ಷ ಎಲ್ಲರೂ ನೆಟ್ಟಗೆ ಕೂತು ತಿಂದು ಎದ್ದರೆ ಸರಿ. ಮತ್ತೆ ಜಗಳ ಆಯ್ತೋ, ಮುಂದಿನ ವರ್ಷದಿಂದ ಕೂಟ ಇಲ್ಲ. ತಲೆಗೊಂದು ಪೊಟ್ಟಣ ಕೊಟ್ಟು ಮನೆಗೆ ಕಳಿಸ್ತೀನಿ."

'ಪೊಟ್ಟಣ' ಎಂಬ ಮಾತು ಕೇಳಿ ಗಂಜಿ ಅಣ್ಣನಿಗೆ ತನ್ನ ಕಿಟಕಿಯ ಕಟ್ಟೆ ಕಣ್ಣಮುಂದೆ ಬಂತು.

ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವನ ಸಿದ್ಧತೆ ಶುರುವಾಯಿತು. ಕೂಟಕ್ಕೆ ಮೇಜೆಂದರೆ ಹಾಸಿಗೆಬಟ್ಟೆ ಮಡಿಸುವ ಉದ್ದನೆಯ ಮೇಜು. ಅದರ ಸುತ್ತ ಅವನು ಸವೆದ ಸೋಪಿನ ಚೂರುಗಳನ್ನು ಜನರೆಂದು ಜೋಡಿಸಿ, ತಲೆ ಓರೆ ಮಾಡಿ ನೋಡಿ, ಮತ್ತೆ ಬದಲಾಯಿಸುತ್ತಿದ್ದ. ಹಿಂದೆಲ್ಲ ಯಾರು ಎಲ್ಲಿ ಬೇಕಾದರೂ ಕೂರುತ್ತಿದ್ದರು. ಈ ಸಲ ಹಾಗೆ ಬಿಡುವಂತಿರಲಿಲ್ಲ.

ಕೌಂಟರಿನಲ್ಲಿ ಕೂತು ಗಿರಾಕಿ ಇಲ್ಲದಾಗಲೆಲ್ಲ ಪುಸ್ತಕ ಓದುವ ಅವನ ಗೆಳೆಯನಿಗೆ 'ಪಂಡಿತ' ಎಂದು ಹೆಸರು. ಅವನು ಬಂದು ಇಣುಕಿದ.

"ಇದ್ಯಾರಪ್ಪ, ಈ ದಪ್ಪ ಸೋಪು?"

"ಚಿಕ್ಕಮ್ಮ."

"ಅವಳಿಗೆ ಗೊತ್ತಾದ್ರೆ ನಿನ್ನ ಮೇಲೇ ಇಸ್ತ್ರಿ ಎಳೀತಾಳೆ."

"ಮೆಲ್ಲಗೆ ಮಾತಾಡೋ ಮಾರಾಯ. ನೋಡು, ಇದು ಭಾವ. ಮೇಜಿನ ಆ ತುದಿಗೆ. ಚಿಕ್ಕಮ್ಮ ಈ ತುದಿಗೆ. ಬಣ್ಣ ಬಿಡೋ ಬಟ್ಟೆನ ಬೇರೆ ಇಡಬೇಕೋ ಬೇಡ್ವೋ?"

"ಜನ ಬಟ್ಟೆನಾ?"

"ಬಟ್ಟೆಗಿಂತ ಕಷ್ಟ. ಬಟ್ಟೆ ಎದುರು ಮಾತಾಡಲ್ಲ."

ಪಂಡಿತ ಸೋಪುಗಳನ್ನು ಒಂದೊಂದಾಗಿ ನೋಡಿದ. "ಎಲ್ಲರೂ ಇದ್ದಾರೆ. ನೀನೆಲ್ಲಿ?"

"ನಾನು ಎಲ್ಲಾದ್ರೂ ಸೇರ್ಕೋತೀನಿ ಬಿಡು," ಎಂದ ಗಂಜಿ ಅಣ್ಣ, ಚಿಕ್ಕಮ್ಮನನ್ನು ಇನ್ನೊಂದು ಬೆರಳಷ್ಟು ಆಚೆ ಸರಿಸುತ್ತ.

ಕೂಟದ ದಿನ ಬಂತು. ಯಂತ್ರಗಳು ನಿಂತವು. ಹಬೆ ಇಳಿದು, ನೆಲ ಒರೆಸಿ, ಮಡಿಸುವ ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಕುರ್ಚಿಗಳಿಗೂ ಬಿಳಿ ಗವಸು, ಪ್ರತಿಯೊಂದರ ಬೆನ್ನಿಗೆ ಕೂರುವವರ ಹೆಸರಿನ ಚೀಟಿ. ಕೇಕು ಬಂತು, ಹಣ್ಣು ಬಂತು, ಟೀ ಕೆಟಲಿನಲ್ಲಿ ಕುದಿಯುತ್ತಿತ್ತು. ಚಿಕ್ಕಮ್ಮ ಈ ತುದಿಯಲ್ಲಿ, ಭಾವ ಆ ತುದಿಯಲ್ಲಿ, ನಡುವೆ ಒಗೆಯುವವರು, ಹಿಂಡುವವರು, ಪಂಡಿತ. ಮೇಡಂ ಚಾಕು ಕೈಗೆತ್ತಿಕೊಂಡಳು. ಗಂಜಿ ಅಣ್ಣ ಗೋಡೆಯ ಪಕ್ಕ ನಿಂತು ಬಿಗಿಹಿಡಿದ ಉಸಿರನ್ನು ಮೆಲ್ಲಗೆ ಬಿಟ್ಟ.

ಅವನು ಎಲ್ಲವನ್ನೂ ಯೋಚಿಸಿದ್ದ, ಒಂದನ್ನು ಬಿಟ್ಟು. ಲಾಂಡ್ರಿಯಲ್ಲಿ ಬಟ್ಟೆಯ ಮೂಲೆಗೆ ದಾರದ ಗಂಟು ಹಾಕುವ ಪದ್ಧತಿ ಇತ್ತು. ಹಳದಿ ದಾರ ಇದ್ದರೆ ಕಲೆ ಇದೆ ಎಂದು ಅರ್ಥ. ನೀಲಿ ಇದ್ದರೆ ಗಂಜಿ ಬೇಡ. ಕೆಂಪು ಇದ್ದರೆ ಬಣ್ಣ ಬಿಡುತ್ತದೆ, ಒಂಟಿಯಾಗಿ ಒಗೆಯಬೇಕು. ಹಿಂದಿನ ಸಂಜೆ ಕುರ್ಚಿ ಹಾಕುವಾಗ, ಚೀಟಿ ಗಾಳಿಗೆ ಹಾರಿಹೋದರೂ ಯಾರ ಕುರ್ಚಿ ಎಲ್ಲಿಯದೆಂದು ತನಗೆ ತಿಳಿಯಲಿ ಎಂದು ಅವನು ಗವಸಿನ ಮೂಲೆಗಳಿಗೆ ದಾರ ಕಟ್ಟಿದ್ದ. ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕ ದಾರ ಕಟ್ಟುತ್ತಿದ್ದರು. ಇವನ ಕೈ ತಪ್ಪು ದಾರ ಕಟ್ಟಲು ಒಪ್ಪಬೇಕಲ್ಲ!

ಚಿಕ್ಕಮ್ಮನಿಗೋ, ಯಾವ ಬಟ್ಟೆ ಸಿಕ್ಕರೂ ಮೂಲೆ ತಿರುವಿ ನೋಡುವ ಚಾಳಿ. ಮೇಡಂ ಕೇಕಿಗೆ ಚಾಕು ಇಡುವಷ್ಟರಲ್ಲಿ ಅವಳ ಬೆರಳು ಗವಸಿನ ಮೂಲೆಗೆ ಹೋಗಿತ್ತು.

"ಏನೋ ಗಂಜಿ," ಎಂದಳು, ಬಹಳ ಮೆತ್ತಗೆ. ಅವಳು ಮೆತ್ತಗೆ ಮಾತಾಡಿದರೆ ಏನೋ ಕಾದಿದೆ ಎಂದೇ ಲೆಕ್ಕ. "ನಾನು ಬಣ್ಣ ಬಿಡ್ತೀನೇನೋ?"

ಎಲ್ಲರ ಕೈಗಳೂ ಒಟ್ಟಿಗೆ ತಂತಮ್ಮ ಗವಸಿನ ಮೂಲೆಗೆ ಹೋದವು.

"ಅಯ್ಯೋ, ನಂದು ಹಳದಿ!" ಎಂದ ಒಗೆಯುವವನು. "ನಾನೇನು ಕಲೆನಾ?"

"ಹೋದ ವರ್ಷ ಟೀ ಚೆಲ್ಲಿದ್ದು ಯಾರು?" ಎಂದು ಬಾಯಿಗೆ ಬಂದದ್ದನ್ನು ಗಂಜಿ ಅಣ್ಣ ನುಂಗಿಕೊಂಡ. ಅವನ ಕಿವಿಗಳು ಕೆಂಪಾಗಿದ್ದವು. ಮೇಡಂ ಚಾಕು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು. ಮುಗಿಯಿತು ಎಂದುಕೊಂಡ. ಇನ್ನು ಬದುಕಿರುವಷ್ಟು ದಿನ ಪೊಟ್ಟಣವೇ.

ಅಷ್ಟರಲ್ಲಿ ಆ ತುದಿಯಿಂದ ಭಾವ ಎದ್ದು ನಿಂತು ತನ್ನ ಗವಸಿನ ಮೂಲೆ ಎತ್ತಿ ಹಿಡಿದ. "ನೋಡಿದ್ರಾ ಚಿಕ್ಕಮ್ಮ? ನಂದೂ ಕೆಂಪೇ. ನಮ್ಮಿಬ್ಬರನ್ನೂ ಒಂಟಿಯಾಗಿ ಒಗೀಬೇಕಂತೆ ಈ ಮಹಾರಾಯ!"

ಚಿಕ್ಕಮ್ಮ ಅವನ ಕಡೆ ತಿರುಗಿದಳು. ಒಂದು ವರ್ಷದಲ್ಲಿ ಅದೇ ಮೊದಲು. ಕೂತವರೆಲ್ಲ ಕತ್ತು ತಗ್ಗಿಸಿ ತಟ್ಟೆಗಳನ್ನು ನೋಡಿದರು.

"ಇವನೇನೋ ನಮ್ಮನ್ನ ಒಗೆಯೋದು?" ಎಂದಳು. "ಇಷ್ಟು ವರ್ಷ ಲಾಂಡ್ರಿಯಲ್ಲಿದ್ದೂ ಇಷ್ಟೇನಾ ಕಲಿತಿದ್ದು! ಕೆಂಪು ಕೆಂಪು ಒಂದೇ ತೊಟ್ಟಿಗೆ ಹಾಕಿದ್ರೆ ಯಾರ ಗಂಟು ಹೋಗುತ್ತೆ? ಭಾವ, ನಿನ್ನ ಕುರ್ಚಿ ಎತ್ಕೊಂಡು ಬಾ ಇಲ್ಲಿ."

ಭಾವ ಕುರ್ಚಿ ಎಸೆಯಲಿಲ್ಲ. ತಲೆಯ ಮೇಲೆ ಹೊತ್ತು, ಎಲ್ಲರ ಬೆನ್ನ ಹಿಂದಿನಿಂದ ಮೆರವಣಿಗೆ ಬಂದು, ಅವಳ ಪಕ್ಕದಲ್ಲಿಟ್ಟ. ಕೂತವನೇ ಎರಡೂ ಕೈಗಳನ್ನು ಎತ್ತಿ ತೋರಿಸಿದ, ಮೇಜುಬಟ್ಟೆಗೆ ತಾಗಿಸುವುದಿಲ್ಲ ಎಂಬಂತೆ. ಆಮೇಲೆ ಇಬ್ಬರೂ ಒಂದಾಗಿ ಗಂಜಿ ಅಣ್ಣನನ್ನು ಹಿಡಿದುಕೊಂಡರು. ಅವನ ನಡಿಗೆ, ಅವನ ಕಾಲರು, ಅವನ ಸೋಪಿನ ಚೂರುಗಳು, ಯಾವುದನ್ನೂ ಬಿಡಲಿಲ್ಲ. ಸೋಪಿನ ವಿಷಯವನ್ನು ಪಂಡಿತನೇ ಬಾಯಿಬಿಟ್ಟಿದ್ದ. ಮೇಡಂ ನಗು ತಡೆಯಲಾಗದೆ ಕೇಕನ್ನು ಸೊಟ್ಟಗೆ ಕತ್ತರಿಸಿದಳು.

"ಪೊಟ್ಟಣದ ಮಾತು ವಾಪಸ್ಸು," ಎಂದಳು ಕಣ್ಣೊರೆಸಿಕೊಂಡು. "ಗಂಜಿ ಅಣ್ಣ, ನೀವೂ ಕೂತ್ಕೊಳ್ಳಿ."

ಗಂಜಿ ಅಣ್ಣ ಮೇಜಿನ ಸುತ್ತ ನೋಡಿದ. ಎಲ್ಲ ಕುರ್ಚಿಗಳಲ್ಲೂ ಜನ ಇದ್ದರು. ವರ್ಷವಿಡೀ ಈ ಮೇಜಿಗಾಗಿ ಕಾದವನು ಎಲ್ಲರಿಗೂ ಜಾಗ ಮಾಡಿ ತನಗೊಂದು ಕುರ್ಚಿ ಹಾಕಿಕೊಳ್ಳುವುದನ್ನೇ ಮರೆತಿದ್ದ.

"ಪರವಾಗಿಲ್ಲ, ನಿಂತೇ ಅಭ್ಯಾಸ," ಎಂದ.

"ಅಭ್ಯಾಸವಂತೆ!" ಎಂದು ಚಿಕ್ಕಮ್ಮ ಎದ್ದು ಹೋಗಿ ಇಸ್ತ್ರಿ ವಿಭಾಗದಿಂದ ತನ್ನ ಕುರ್ಚಿಯನ್ನೇ ಎಳೆದು ತಂದಳು. ಬೆನ್ನು ನೋವೆಂದು ಅವಳೇ ದಿಂಬು ಕಟ್ಟಿಕೊಂಡಿದ್ದ ಹಳೆಯ ಕುರ್ಚಿ, ಬೇರೆ ಯಾರಾದರೂ ಕೂತರೆ ಹುಣಸೆಹಣ್ಣು ಹಿಂಡಿದಂತೆ ಮುಖ ಮಾಡುತ್ತಿದ್ದಳು. ಅವನನ್ನು ಹಿಡಿದು ಕೂರಿಸಿ, ದಾರದ ಡಬ್ಬಿಯಿಂದ ನೀಲಿ ದಾರ ಎಳೆದು, ಅವನ ಕಾಲರಿನ ಮೂಲೆಗೆ ಗಂಟು ಹಾಕಿದಳು. ನೀಲಿ ಅಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರೂ ಒಟ್ಟಿಗೆ ಕೂಗಿದರು:

"ಗಂಜಿ ಬೇಡ!"

ಆಗ ಗಂಜಿ ಅಣ್ಣ ಒರಗಿದ. ಮೊದಲು ಹೆಗಲು ದಿಂಬಿಗೆ ತಾಗಿತು, ಆಮೇಲೆ ಬೆನ್ನು. ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಸೊಟ್ಟ ಕೇಕು ತಿನ್ನುತ್ತ, ಟೀ ಮುಗಿಯುವವರೆಗೂ ಏಳಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅವನ ಎದೆ ಕೈಕೊಟ್ಟಿತು. ಯಾರಿಗೂ ತೊಂದರೆ ಕೊಡದೆ, ಒಂದು ಬೆಳಗ್ಗೆ ಕೆಲಸಕ್ಕೆ ಹೊರಟವನು ಮೆಟ್ಟಿಲ ಮೇಲೇ ಕೂತುಬಿಟ್ಟನಂತೆ.

ಕೊನೆಗೆ ತೊಡಿಸಲು ಅಂಗಿ ಬೇಕಾಗಿತ್ತು. ಅವನ ಕೋಣೆಯ ಕುರ್ಚಿಯ ಮೇಲಿದ್ದ ರಾಶಿಯಿಂದ ಪಂಡಿತ ಕೂಟದ ದಿನದ ಅಂಗಿಯನ್ನು ಹುಡುಕಿ ಲಾಂಡ್ರಿಗೆ ತಂದ. ಚಿಕ್ಕಮ್ಮ ತಾನೇ ಕೈಯಲ್ಲಿ ಒಗೆದಳು. ಭಾವ ಗಂಜಿ ತೊಟ್ಟಿಯ ಪಕ್ಕ ನಿಂತು, ಎಲ್ಲಿಯೋ ನೋಡುತ್ತ ಕೇಳಿದ: "ಚಿಕ್ಕಮ್ಮ, ಗಂಜಿ?"

ಅವಳು ಅಭ್ಯಾಸಬಲದಿಂದ ಕಾಲರಿನ ಮೂಲೆ ತಿರುವಿದಳು. ಅವಳು ಆಟಕ್ಕೆ ಹಾಕಿದ್ದ ಗಂಟು ಹಾಗೇ ಇತ್ತು. ಬಿಚ್ಚಿಹೋಗದಂತೆ ಅವನು ಅದರ ಮೇಲೆ ಸಣ್ಣ ಸಣ್ಣ ಹೊಲಿಗೆ ಹಾಕಿಕೊಂಡಿದ್ದ.

"ಬೇಡ," ಎಂದಳು.

ಇಸ್ತ್ರಿ ಮುಗಿದ ಮೇಲೆ ಅಂಗಿಯನ್ನು ಭಾವನ ಕೈಗಿಟ್ಟಳು. "ಎಸೀಬೇಡ ಮತ್ತೆ."

"ಎಸೀತೀನಾ ಚಿಕ್ಕಮ್ಮ," ಎಂದ ಅವನು. ಎರಡೂ ಅಂಗೈಗಳ ಮೇಲೆ ಅದನ್ನು ಹೊತ್ತುಕೊಂಡು ಹೋಗಿ, ವ್ಯಾನಿನ ಮುಂದಿನ ಸೀಟಿನಲ್ಲಿ, ತನ್ನ ಪಕ್ಕದಲ್ಲಿ, ಒರಗಿಸಿ ಇಟ್ಟ.