ಹತ್ತು ದಿನದ ಮೌನಕ್ಕೆ ಒಂದು ಚಿಟಿಕೆ ಉಪ್ಪು

ಮೌನ ನನಗೆ ಹೊಸದಲ್ಲ ಎಂಬ ಜಂಬ ನನಗಿತ್ತು. ಹಳೆಯ ಗೆಳೆಯ ಬಸವರಾಜನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಮಾತು ಬಿಡುವುದೆಂದರೆ ಸುಲಭವೆಂದುಕೊಳ್ಳಬೇಡಿ. ಎದುರು ಸಿಕ್ಕರೆ ವಾಚು ನೋಡಬೇಕು, ಸಾವಿನ ಮನೆಯಲ್ಲಿ ಬೇರೆ ಕಂಬಕ್ಕೆ ಒರಗಬೇಕು, ಅವನು ಹತ್ತಿದ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಇಷ್ಟೆಲ್ಲ ಸಾಧಿಸಿದವನಿಗೆ ಬೌದ್ಧ ಧ್ಯಾನ ಶಿಬಿರದ ಹತ್ತು ದಿನದ ಮೌನ ಯಾವ ಮಹಾ ಎನ್ನಿಸಿ ಹೆಸರು ಕೊಟ್ಟೆ. ಕೋಪ ಕಡಿಮೆಯಾದೀತೆಂದು ಹೆಂಡತಿಯೂ ಉತ್ಸಾಹದಿಂದಲೇ ಕಳಿಸಿಕೊಟ್ಟಳು.

ಶಿಬಿರ ನಡೆದದ್ದು ಬೆಟ್ಟದ ತಪ್ಪಲಲ್ಲೂ ಅಲ್ಲ, ಬೋಧಿವೃಕ್ಷದ ಕೆಳಗೂ ಅಲ್ಲ. ಶಿವಮೊಗ್ಗದ ದುರ್ಗಿಗುಡಿಯ ಒಂದು ಕಲ್ಯಾಣ ಮಂಟಪದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲದೆ ಮಂಟಪ ಖಾಲಿ ಬಿದ್ದಿರುತ್ತದಲ್ಲ, ಆ ಒಂದು ತಿಂಗಳು ವೈರಾಗ್ಯಕ್ಕೂ ಅಲ್ಲಿ ಜಾಗ ಸಿಗುತ್ತದೆ. ಗಂಡಸರಿಗೆ ವರನ ಕಡೆಯವರ ಕೋಣೆ, ಹೆಂಗಸರಿಗೆ ವಧುವಿನ ಕಡೆಯವರದು. ವಧೂವರರು ಕೂರುವ ವೇದಿಕೆಯ ಮೇಲೆ ಗುರುಗಳು ಕೂತು, ಎಲ್ಲವೂ ಅನಿತ್ಯ ಎನ್ನುತ್ತಿದ್ದರು. ಅವರ ಹಿಂದಿನ ಗೋಡೆಯಲ್ಲಿ ಯಾವುದೋ ಜೋಡಿಯ ಹೆಸರಿನ ಎರಡು ಥರ್ಮೊಕೋಲ್ ಅಕ್ಷರಗಳು ಇನ್ನೂ ಬಿಡದೆ ಅಂಟಿಕೊಂಡಿದ್ದವು.

ನನ್ನ ಮಗಳ ಮದುವೆಯಾದದ್ದೂ ಅದೇ ಮಂಟಪದಲ್ಲಿ. ಬಸವರಾಜನ ಜೊತೆ ಮಾತು ಬಿಟ್ಟದ್ದೂ ಅಲ್ಲೇ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು. ಅವನ ಮನೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ. ಅಂಥವನು ಮದುವೆಯ ಮೊದಲ ಪಂಕ್ತಿಯಲ್ಲಿ ಕೂತು, ಇಡೀ ಊಟದ ಹಾಲಿಗೆ ಕೇಳುವಂತೆ, ಸಾರಿಗೆ ಉಪ್ಪಿಲ್ಲ ಎಂದು ಕೂಗಿದ. ಕುಂಸಿಯಿಂದ ಅಡುಗೆಯವರನ್ನು ನಾನೇ ಹುಡುಕಿ ಕರೆತಂದಿದ್ದೆ. ಅವರ ಸಾರಿನ ಬಗ್ಗೆ ತಿಂಗಳುಗಟ್ಟಲೆ ಕೊಚ್ಚಿಕೊಂಡಿದ್ದೆ. ಉಪ್ಪಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕೂಗುವುದು ಬೇರೆ. ಆಮೇಲಿನ ಪಂಕ್ತಿಯಲ್ಲಿ ಬೀಗರು ಆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಹೊಗಳಿದರು. ಅವರ ಸಂಭಾವಿತತನವೆಲ್ಲಿ, ಇವನ ಬಾಯೆಲ್ಲಿ ಎಂದುಕೊಂಡು ಆರು ವರ್ಷ ಮುನಿಸು ಸಾಕಿದೆ.

ಶಿಬಿರದಲ್ಲಿ ಮೌನ ಶುರುವಾಗಿ ಒಂದು ಗಂಟೆಯಾದ ಮೇಲೆ ಚೀಲ ಹೊತ್ತುಕೊಂಡು ಒಳಗೆ ಬಂದವನು ಅದೇ ಬಸವರಾಜ. ನನ್ನ ಪಕ್ಕದ ಜಾಗವೇ ಅವನಿಗೆ ಸಿಕ್ಕಿತು. ನಮ್ಮ ಜಗಳಕ್ಕೆ ಈಗ ನಿಯಮದ ಬೆಂಬಲವೂ ದೊರೆಯಿತು. ಉಳಿದವರೆಲ್ಲ ಮಾತಿಲ್ಲದೆ ಒದ್ದಾಡುತ್ತಿದ್ದರೆ ನಾವಿಬ್ಬರೂ ಪಳಗಿದ ಸಾಧಕರಂತೆ ಆರಾಮಾಗಿದ್ದೆವು.

ಉಸಿರನ್ನು ಗಮನಿಸಿ ಎಂದರು ಗುರುಗಳು. ಮೂರು ದಿನ ಗಮನಿಸಿದೆ, ಬಸವರಾಜನ ಉಸಿರನ್ನು. ಅವನು ಹಾಯಾಗಿ ಉಸಿರಾಡುತ್ತಿದ್ದದ್ದೇ ನನ್ನ ದುಃಖ. ಶಿಬಿರದ ಸಾರಿಗೆ ಉಪ್ಪು ಹೆಸರಿಗಷ್ಟೇ ಇರುತ್ತಿತ್ತು. ಇಲ್ಲಿ ಅವನು ಕೂಗಲಾರ ಎಂಬ ಸಂತೋಷದಲ್ಲಿ ಆ ಸಪ್ಪೆ ಸಾರೂ ರುಚಿಸಿತು. ನಾಲ್ಕನೆಯ ದಿನ ಅವನು ತಲೆ ಎತ್ತದೆ ಉಪ್ಪಿನ ಬಟ್ಟಲನ್ನು ನನ್ನ ತಟ್ಟೆಯ ಕಡೆ ಸರಿಸಿದ. ನಾನು ಮುಟ್ಟಲಿಲ್ಲ. ಆಮೇಲೆ ದಿನವೂ ಅವನು ಸರಿಸುವುದು, ದಿನವೂ ನಾನು ಸಪ್ಪೆ ಉಣ್ಣುವುದು. ಗುರುಗಳೊಡನೆ ಮಾತ್ರ ಐದು ನಿಮಿಷ ಮಾತಾಡಬಹುದಿತ್ತು. ಧ್ಯಾನಕ್ಕೆ ಕೂತರೆ ಕೋಪ ಬರುತ್ತದೆ ಎಂದೆ. ಅದು ದೇಹದಲ್ಲಿ ಎಲ್ಲಿದೆ ನೋಡಿ ಎಂದರು. ನೋಡಿದೆ. ನಾಲಗೆಯ ಮೇಲಿತ್ತು.

ಹತ್ತನೆಯ ದಿನ ಮೌನ ಮುಗಿಯಿತು. ಮಂಟಪದಲ್ಲಿ ಮದುವೆಮನೆಯಷ್ಟೇ ಗದ್ದಲ. ನಾವಿಬ್ಬರು ಮಾತ್ರ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೆವು. ಎಲ್ಲರ ಮೌನ ಮುಗಿದು ನಮ್ಮದಷ್ಟೇ ಉಳಿದಾಗ ಅದು ಎಷ್ಟು ಕೆಟ್ಟದಾಗಿದೆ ಎಂದು ಗೊತ್ತಾಯಿತು. ಈಗ ಮಾತಾಡದಿದ್ದರೆ ಈ ಜನ್ಮಕ್ಕೆ ಇಲ್ಲ ಎಂದು ನಿಜಕ್ಕೂ ಭಯವಾಯಿತು.

“ಅವತ್ತು ಸಾರಿಗೆ ಉಪ್ಪಿರ್ಲಿಲ್ಲ ಕಣೋ,” ಎಂದೆ.

ಬಸವರಾಜ ನಿಧಾನವಾಗಿ ತುತ್ತು ನುಂಗಿದ. “ಗೊತ್ತು ಮಾರಾಯ. ಬೀಗರ ಪಂಕ್ತಿ ಕೂರೋದ್ರೊಳಗೆ ಯಾರಾದ್ರೂ ಹಾಕ್ಲಿ ಅಂತಾನೇ ಕೂಗಿದ್ದು. ಯಾರೂ ಅಲ್ಲಾಡ್ಲಿಲ್ಲ. ಕೈ ತೊಳ್ಕೊಂಡು ನಾನೇ ಒಳಗೆ ಹೋಗಿ ಹಾಕಿಸ್ದೆ.”

ಬೀಗರು ಎರಡೆರಡು ಸಲ ಹಾಕಿಸಿಕೊಂಡದ್ದು ಹಾಗಾದರೆ ಬಸವರಾಜನ ಸಾರನ್ನು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ವಾಚು ನೋಡಿಕೊಂಡು ಹೋಗುವವನಿಗೆ ಹೇಳುವುದು ಹೇಗೆ ಎಂದ. ಭದ್ರಾವತಿಯ ಬಸ್ಸಿನಲ್ಲಿ ಇಳಿಯುವವರೆಗೂ ಅವನು ಬಾಯಿ ಮುಚ್ಚಲಿಲ್ಲ. ನನಗೆ ಸಮಚಿತ್ತ ಸಿದ್ಧಿಸಿದ್ದು ಆ ಬಸ್ಸಿನಲ್ಲೇ.

ಮನೆಗೆ ಬಂದ ಮರುದಿನ ಹೆಂಡತಿಯ ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಆಪ್ತರಾದವರು ಕೂಗಿ ಹೇಳಬೇಕು ಎಂಬುದೇ ಹತ್ತು ದಿನ ಕೂತು ನಾನು ತಂದ ಜ್ಞಾನವಾದ್ದರಿಂದ ಕೂಗಿಯೇ ಹೇಳಿದೆ. ಅವಳೀಗ ಯಾವ ಶಿಬಿರಕ್ಕೂ ಹೋಗದೆ ಮೂರು ದಿನದಿಂದ ಮೌನದಲ್ಲಿದ್ದಾಳೆ. ಇವತ್ತು ಮಧ್ಯಾಹ್ನ ಉಪ್ಪಿನ ಭರಣಿಯನ್ನು ನನ್ನ ತಟ್ಟೆಯ ಕಡೆ ಸರಿಸಿದಳು. ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು. ಆದರೂ ಒಂದು ಚಿಟಿಕೆ ತೆಗೆದು ಹಾಕಿಕೊಂಡೆ.