ವಿಮಾನ ಇಳಿಯುವ ಮುಂಚೆ ಹೊಡೆದ ಕಸ

ನಿಪ್ಪಾಣಿಯ ಕುಲಸುಂಬಿಗೆ ಒಂದು ಕಟ್ಟಳೆಯಿತ್ತು. ಪರಸ್ಥಳಕ್ಕೆ ಹೋದವರು ಅಲ್ಲಿ ಮುಟ್ಟುವವರೆಗೆ ಮನೆಯ ಕಸ ಹೊಡೆಯುವಂತಿಲ್ಲ. ಹೊಡೆದರೆ ದಾರಿಯಲ್ಲಿದ್ದವರೂ ಕಸದೊಂದಿಗೆ ಹೋಗುತ್ತಾರೆ. ಗಂಡ ಇಬ್ರಾಹಿಮ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಅವಳ ಮನೆ ವಾರಗಟ್ಟಲೆ ಧೂಳಿನಲ್ಲಿರುತ್ತಿತ್ತು. ಒಮ್ಮೆ ಹಬ್ಬದ ಅವಸರದಲ್ಲಿ ನಾದಿನಿ ಕಸಬರಿಗೆ ಹಿಡಿದಳು. ಲಾರಿ ಘಾಟಿನಲ್ಲಿ ಉರುಳಿತು. ಅಂದಿನಿಂದ ಬೀಡಿ ಕಟ್ಟಿ ಮಗ ಜಾಫರಸಾಬನನ್ನು ಬೆಳೆಸಿದಳು.

ತೊಂಬತ್ತೆರಡರಲ್ಲಿ ಆ ಮಗ ವೆಲ್ಡಿಂಗ್ ಕೆಲಸಕ್ಕೆ ದುಬೈಗೆ ಹೊರಟ. ಮುಂಬೈವರೆಗಿನ ಬಸ್ಸಿನ ದಾರಿ ಅವಳಿಗೆ ಗೊತ್ತಿತ್ತು. ಮುಂದಿನದನ್ನು ಕೇಳಲು ಓಣಿಯ ತುದಿಯ ಎಸ್‌ಟಿಡಿ ಬೂತಿಗೆ ಬಂದಳು. ಅಲ್ಲಿ ಧರಣೇಂದ್ರ ಪಗಾರಕ್ಕೆ ಕೂರುತ್ತಿದ್ದ. ಬಿ.ಕಾಂ. ಪಾಸಾದವನು, ಕೂರುವುದಕ್ಕೆ ಬಿ.ಕಾಂ. ಯಾಕೆ ಬೇಕೆಂದು ಅವನ ಕುರ್ಚಿಯೇ ಕಿರುಗುಟ್ಟಿ ಕೇಳುತ್ತಿತ್ತು. ವಿಮಾನದ ಹೊಟ್ಟೆಯನ್ನಷ್ಟೇ ಕಂಡಿದ್ದರೂ ಓಣಿಗೆಲ್ಲ ಪರದೇಶದ ಪಂಡಿತ ಅವನೇ.

"ಧರಣ್ಯಾ, ಮುಂಬೈದಿಂದ ದುಬೈ ಎಷ್ಟ್ ದೂರ ಐತೋ?"

"ಎರಡ್ ಸಾವಿರ ಕಿಲೋಮೀಟರಿಗಿ ಒಂಚೂರು ಕಮ್ಮಿರಿ, ಮಾವಶಿ."

"ಯಾ ಅಲ್ಲಾ! ಮುಟ್ಟಾಕ ಎಷ್ಟೊತ್ತು?"

ವಿಮಾನ ಮುಂಬೈಯಲ್ಲಿ ಬೆಳಿಗ್ಗೆ ಹತ್ತಕ್ಕೆ ಏರಿ, ದುಬೈಯಲ್ಲಿ ಹನ್ನೊಂದೂವರೆಗೆ ಇಳಿಯುತ್ತದೆಂದು ಜಾಫರ ಹೇಳಿ ಹೋಗಿದ್ದ. ಧರಣೇಂದ್ರ ಬೆರಳು ಮಡಚಿ ಕಳೆದ.

"ಒಂದೂವರಿ ತಾಸ್ರಿ. ನಮ್ಮ ಬಸ್ಸು ರಾಯಬಾಗ ಮುಟ್ಟೂದ್ರೊಳಗ ನಿಮ್ಮ ಮಗಾ ದುಬೈದಾಗ ಚಾ ಕುಡೀತಾನ."

ಮರುದಿನ ಬೂತಿನ ಗಡಿಯಾರ ಹನ್ನೊಂದೂವರೆ ತೋರಿಸಿದಾಗ ಅವನೇ ಕೂಗಿದ, "ಇಳದಾನ್ರೀ! ಹೊಡೀರಿ ಕಸಾ!"

ಕಸಬರಿಗೆಯ ಸಪ್ಪಳ ಓಣಿಯುದ್ದಕ್ಕೂ ಕೇಳಿಸಿತು. ಅಷ್ಟರಲ್ಲಿ ತಂಬಾಕಿನ ವ್ಯಾಪಾರಿ ತವನಪ್ಪ ಬಂದು, "ದುಬೈಕ್ ಫೋನ್ ಹಚ್ಚಪಾ. ಅಲ್ಲಿ ಈಗ ಹತ್ತು ಹೊಡದಿರಬೇಕು, ಅಳಿಯಾ ಎದ್ದಿರ್ತಾನ" ಎಂದರು.

"ಹನ್ನೊಂದೂವರಿ ಆಗೇತಲ್ರಿ?"

"ಅದು ನಮ್ಮ ಗಡಿಯಾರದಾಗೋ, ಶಾಣ್ಯಾ. ಅವ್ರದು ನಮಗಿಂತ ಒಂದೂವರಿ ತಾಸು ಹಿಂದ. ಕಾಲೇಜಿಗಿ ಬರೇ ಕ್ಯಾಂಟೀನಿಗಿ ಹೋಗಿದ್ದೇನ?"

ವಿಮಾನ ಇಳಿಯಲು ಇನ್ನೂ ಅಷ್ಟೇ ಹೊತ್ತು ಬೇಕು. ಜಾಫರ ಸಮುದ್ರದ ಮೇಲಿದ್ದಾನೆ.

ಅವನು ಓಡಿದಾಗ ಕುಲಸುಂಬಿ ಹೊಸ್ತಿಲವರೆಗೆ ಗುಡಿಸಿ ಮುಗಿಸಿದ್ದಳು. ಅವನು ತೊದಲುತ್ತ ಹೇಳಿದ್ದನ್ನು ಕೇಳಿ ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಕಸದ ಗುಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಷ್ಟಿ ಮುಷ್ಟಿ ಧೂಳೆತ್ತಿ, ಬಂದಲ್ಲಿಗೇ ತಿರುಗಿ ಹರಡತೊಡಗಿದಳು. ಧರಣೇಂದ್ರನೂ ಹರಡಿದ. ಒಂದು ಮೂಲೆಗೆ ಧೂಳು ಸಾಲಲಿಲ್ಲ.

ಇಳಿಹೊತ್ತಿಗೆ ಬೂತಿನ ಫೋನು ರಿಂಗಾಯಿತು. ಕಾದು ಕೂತಿದ್ದ ಕುಲಸುಂಬಿಯ ಕೈತುಂಬ ಇನ್ನೂ ಧೂಳಿತ್ತು. ಧರಣೇಂದ್ರನೇ ರಿಸೀವರು ಅವಳ ಕಿವಿಗೆ ಹಿಡಿದು, ತನ್ನ ಕಿವಿಯನ್ನೂ ಆನಿಸಿದ.

"ಅಮ್ಮಾ, ಮುಟ್ಟೀನಿ."

ಅವಳು ಬಿಕ್ಕಿದಳು.

"ಆದ್ರ ನಡುದಾರ್ಯಾಗ ಕಾಲ ಬುಡಕ ಕಸಬರಿಗಿ ಸಪ್ಪಳ ಆತಮ್ಮಾ. ನಾ ಕಾಲ್ ಎತ್ತಿ ಕುಂತೆ. ಬಾಜೂಕ ಕುಂತಾಂವ ಎತ್ತಲಿಲ್ಲ."

"ಅಂವ ಎಲ್ಲಿದಾನೋ?"

ತಂತಿಯಲ್ಲಿ ಗಾಳಿ ಸುಯ್ಯೆಂದಿತು. "ಇಳಿಯೂ ಮುಂದ ನೋಡಿದ್ರ ಸೀಟು ಖಾಲಿ. ಮೊದಲಿಂದನೂ ಖಾಲಿ ಇತ್ತು ಅಂತಾರ ಎಲ್ಲಾರೂ."

ಆಮೇಲೆ ಕುಲಸುಂಬಿ ಬದುಕಿದ್ದಷ್ಟು ಕಾಲ ಆ ಮೂಲೆಗೆ ಕಸಬರಿಗೆ ಮುಟ್ಟಿಸಲಿಲ್ಲ. ಅಲ್ಲಿ ತಾನಾಗಿಯೇ ಧೂಳು ಕೂತಿತು. ಎಲ್ಲರೂ ಬರಿಗಾಲಲ್ಲಿ ಓಡಾಡುವ ಆ ಮನೆಯ ಧೂಳಿನಲ್ಲಿ ಒಮ್ಮೊಮ್ಮೆ ಬೂಟಿನ ಗುರುತು ಕಾಣುತ್ತಿತ್ತು. ಧರಣೇಂದ್ರ ಹೋದಾಗಲೆಲ್ಲ ಕಾಲೆತ್ತಿ ಕೂರುತ್ತಿದ್ದ.

"ಅದೊಂದು ಮೂಲಿನೂ ಹೊಡದ್ಬಿಡ್ರಲಾ, ಮಾವಶಿ" ಎಂದು ಒಮ್ಮೆ ಅಂಜುತ್ತಲೇ ಅಂದ.

"ಹೆಂಗ್ ಹೊಡೀಲೋ?" ಎಂದಳು ಕುಲಸುಂಬಿ. "ಯಾರ ಹೆತ್ತ ಮಗನೋ ಏನೋ. ಅಂವ ಇನ್ನಾ ಮುಟ್ಟಿಲ್ಲಲ್ಲ."